ಮೂರನೇ ಪಾಠದಲ್ಲಿ ಹೊದಿಸಿದ ಶಾಲು

ಕೊರೊನಾ ಮುಗಿದ ಮರುವರ್ಷ ನಾನು ಅರಸೀಕೆರೆಯ ಒಂದು ಸಣ್ಣ ಸಂಸ್ಥೆಯಲ್ಲಿ ಆನ್‌ಲೈನ್ ಕಲಿಕೆಯ ಪ್ಲಾಟ್‌ಫಾರ್ಮ್ ವಿನ್ಯಾಸ ಮಾಡುತ್ತಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಫೇಲಾಗಿ ಓದು ಬಿಟ್ಟಿದ್ದ ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ಹೆಂಗಸರಿಗೆ ಮೊಬೈಲಿನಲ್ಲಿ ಪಾಠ ಹೇಳುವುದು ನಮ್ಮ ಕೆಲಸ. ನಮ್ಮದು ‘ಅಡಾಪ್ಟಿವ್’ ಪ್ಲಾಟ್‌ಫಾರ್ಮ್. ಅಂದರೆ ಕಲಿಯುವವರನ್ನು ನೋಡಿಕೊಂಡು ಪಾಠ ತಾನಾಗಿಯೇ ಮುಂದೆ ಹೋಗುತ್ತದೆ, ಇಲ್ಲವೇ ಹಿಂದೆ ಬರುತ್ತದೆ.

ಅದರಲ್ಲಿ ನಾನೇ ಬರೆದ ಎರಡು ನಿಯಮಗಳಿದ್ದವು. ಪಾಠದ ಕೊನೆಯ ಟೆಸ್ಟ್ ಅದೇ ದಿನ ಅಲ್ಲ, ಮಾರನೆಯ ದಿನ ತೆರೆಯಬೇಕು, ಆಗ ಕಲಿತದ್ದು ತಲೆಯಲ್ಲಿ ನಿಲ್ಲುತ್ತದೆ; ಅದು ಪಾಸಾದರೆ ಮಾತ್ರ ಮುಂದಿನ ಪಾಠ. ಐದು ದಿನ ಆ್ಯಪ್ ಮುಟ್ಟದಿದ್ದರೆ ಮರೆತಿದ್ದಾರೆ ಎಂದರ್ಥ, ಆ ಪಾಠ ಮತ್ತೆ ಮೊದಲಿನಿಂದ ಶುರುವಾಗಬೇಕು. ಈ ನಿಯಮಗಳ ಬಗ್ಗೆ ನನಗೆ ಸಾಕಷ್ಟು ಜಂಬವಿತ್ತು.

ಪರೀಕ್ಷೆಗೆ ಮೂರು ವಾರ ಇರುವಾಗ, ಅತಿ ಹೆಚ್ಚು ಗಂಟೆ ಕಲಿತವರಿಗೆ ಸನ್ಮಾನ ಮಾಡೋಣ ಎಂದು ಹೊರಟೆ. ಪಟ್ಟಿಯಲ್ಲಿ ಮೊದಲ ಹೆಸರು ಅರಸೀಕೆರೆ ತಾಲೂಕಿನ ಗಂಡಸಿ ಹತ್ತಿರದ ಭಾಗ್ಯಮ್ಮನದು. ತೆಂಗಿನಕಾಯಿ ಪುಡಿ ಮಾಡುವ ಘಟಕದಲ್ಲಿ ಕಾಯಿ ಬಿಡಿಸುವ ಕೆಲಸ ಅವರಿಗೆ. ಗಣಿತ ಒಂದು ಪಾಸಾದರೆ ಅಲ್ಲೇ ಸ್ಟೋರ್ ನೋಡಿಕೊಳ್ಳುವ ಕೆಲಸ ಕೊಡುವುದಾಗಿ ಮಾಲೀಕರು ಮಾತು ಕೊಟ್ಟಿದ್ದರು. ಭಾಗ್ಯಮ್ಮ ಮಾಡಿದ ಲೆಕ್ಕಗಳಲ್ಲಿ ಒಂದೂ ತಪ್ಪಿರಲಿಲ್ಲ.

ಬೇಲೂರಿನ ನಮ್ಮ ಸಂಯೋಜಕಿ ಶೈಲಜಾ ಮಾತ್ರ ಅನುಮಾನಿಸಿದಳು. “ಸಾರ್, ಗಂಟೆ ಬಿಡಿ, ಅವರು ಯಾವ ಪಾಠದಲ್ಲಿದ್ದಾರೆ ಅಂತ ನೋಡಿದ್ರಾ?”

“ಅದನ್ನ ಆಮೇಲೆ ನೋಡೋಣ ಕಣಮ್ಮ. ಮೊದಲು ಶಾಲು ತರಿಸು,” ಎಂದೆ. ಈ ಮಾತು ನೆನಪಾದರೆ ಈಗಲೂ ಮೈ ಹಿಡಿಯಾಗುತ್ತದೆ.

ಗಂಡಸಿಯ ಶಾಲೆಯೊಂದರಲ್ಲಿ ಕಾರ್ಯಕ್ರಮ. ಹಾರ, ಶಾಲು, ಹಣ್ಣಿನ ಬುಟ್ಟಿ, ನನ್ನ ಉದ್ದನೆಯ ಭಾಷಣ. ಕೊನೆಗೆ ಮೈಕು ಭಾಗ್ಯಮ್ಮನ ಕೈಗೆ ಹೋಯಿತು.

“ನಂಗ್ಯಾಕ್ ಸಾರ್ ಇದೆಲ್ಲ? ನಾನಿನ್ನೂ ಮೂರನೇ ಪಾಠದಲ್ಲೇ ಇವ್ನಿ. ಭಾನುವಾರ ಬಂದ್ರೆ ತಿರ್ಗಾ ಮೊದ್ಲಿಂದ ಬತ್ತೈತೆ. ಎಲ್ಲಾ ಸರಿ ಮಾಡಿದ್ರೂ ಮುಂದಕ್ಕೆ ಬುಡಾಕಿಲ್ಲ. ನನ್ ತಲೇಗೆ ಹತ್ತಿಲ್ಲ ಅಂತ ಮೊಬೈಲ್ಗೇ ಗೊತ್ತಾಗೈತೆ ಅನ್ಕಂಡು ಸುಮ್ನೆ ಮಾಡ್ತಾ ಹೋದೆ.”

ಜನ ಇದನ್ನು ವಿನಯ ಎಂದುಕೊಂಡು ಚಪ್ಪಾಳೆ ತಟ್ಟಿದರು. ಅವರನ್ನು ತಡೆದಿಟ್ಟಿದ್ದು ನನ್ನ ನಿಯಮಗಳೇ ಎಂದು ನನಗೆ ಆ ಕ್ಷಣವೇ ಹೊಳೆದಿತ್ತು. ಆದರೂ ನಾನೂ ತಟ್ಟಿದೆ.

ವೇದಿಕೆ ಇಳಿದ ಮೇಲೆ ವಿಚಾರಿಸಿದೆ. ಮನೆಗೆಲ್ಲ ಒಂದೇ ಫೋನು. ಅದು ಟೆಂಪೊ ಓಡಿಸುವ ಗಂಡನ ಜೇಬಿನಲ್ಲಿ ಸೋಮವಾರ ಬೆಳಗಿನ ಜಾವ ಹೋದರೆ ಮತ್ತೆ ಮನೆಗೆ ಬರುವುದು ಶನಿವಾರ ನಡುರಾತ್ರಿ. ಟೆಂಪೊ ರಿಪೇರಿಗೆ ನಿಂತಿದ್ದ ಒಂದು ವಾರದಲ್ಲಿ ಭಾಗ್ಯಮ್ಮ ಮೊದಲೆರಡು ಪಾಠ ಮುಗಿಸಿದ್ದರು. ಆಮೇಲೆ ಟೆಸ್ಟ್ ತೆರೆಯುವ ಸೋಮವಾರ ಫೋನೇ ಇರುತ್ತಿರಲಿಲ್ಲ. ಮುಂದಿನ ಭಾನುವಾರದ ಹೊತ್ತಿಗೆ ನನ್ನ ಐದು ದಿನ ಕಳೆದಿರುತ್ತಿತ್ತು. ಅವರ ನೋಟ್‌ಬುಕ್ಕಿನಲ್ಲಿ ಅವೇ ಲೆಕ್ಕಗಳು, ವಾರದಿಂದ ವಾರಕ್ಕೆ, ಅದೇ ದುಂಡು ಅಕ್ಷರದಲ್ಲಿ. ಪ್ರತಿ ಭಾನುವಾರ ಬೆಳಗಿನಿಂದ ರಾತ್ರಿಯವರೆಗೆ ಕೂತು ಮಾಡಿದ್ದು. ನಾನು ಸನ್ಮಾನ ಮಾಡಿದ್ದು ಈ ಗಂಟೆಗಳಿಗೆ.

ತಪ್ಪು ನನ್ನದು ಎಂದು ಅಲ್ಲೇ ಹೇಳಬಹುದಿತ್ತು. ಹಾರದ ವಾಸನೆ ಇನ್ನೂ ಆರಿರಲಿಲ್ಲ, ಸಂಸ್ಥೆಯವರು ಪಕ್ಕದಲ್ಲೇ ನಿಂತಿದ್ದರು. “ಸಣ್ಣ ಟೆಕ್ನಿಕಲ್ ತೊಂದರೆ, ಸರಿ ಮಾಡ್ತೀವಿ,” ಎಂದು ನುಣುಚಿಕೊಂಡೆ. ಅಂದು ಸಂಜೆಯೇ ಎರಡೂ ನಿಯಮ ತೆಗೆದೆ. ಹತ್ತು ನಿಮಿಷದ ಕೆಲಸ.

ಉಳಿದಿದ್ದ ಭಾನುವಾರಗಳಲ್ಲಿ ಅವರು ಎಷ್ಟು ಓದಿಯಾರು? ಗಣಿತ ಮತ್ತೆ ಫೇಲಾಯಿತು. ಸ್ಟೋರ್ ಕೆಲಸ ಬೇರೆಯವರ ಪಾಲಾಯಿತು.

ಫಲಿತಾಂಶ ಬಂದ ವಾರ ಆ ಘಟಕಕ್ಕೆ ಹೋಗಿ ನನ್ನ ನಿಯಮಗಳ ವಿಷಯವೆಲ್ಲ ಹೇಳಿದೆ. ಭಾಗ್ಯಮ್ಮ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು.

“ಅವತ್ತೇ ಹೇಳ್ಬಾರ್ದಿತ್ತಾ ಸಾರ್? ನಾನು ದಡ್ಡಿ ಅನ್ಕಂಡೇ ಹೋಗಿ ಪರೀಕ್ಷೆಗೆ ಕೂತ್ನಲ್ಲ.”

ಕ್ಷಮಿಸಿ ಎಂದೆನೋ ಇಲ್ಲವೋ, ಸರಿಯಾಗಿ ನೆನಪಿಲ್ಲ.

ಪಾಠ ಹಿಂದಕ್ಕೆ ತಳ್ಳಿದಾಗ ಕಲಿಯುವವರು ಮೊಬೈಲನ್ನು ಅನುಮಾನಿಸುವುದಿಲ್ಲ, ತಮ್ಮನ್ನೇ ಅನುಮಾನಿಸಿಕೊಳ್ಳುತ್ತಾರೆ. ಈ ಕೆಲಸ ನನಗೆ ಕಲಿಸಿದ್ದು ಅದು. ಈಗ ನಮ್ಮ ಪ್ಲಾಟ್‌ಫಾರ್ಮ್ ಮೊದಲ ದಿನವೇ ‘ಫೋನು ನಿಮ್ಮ ಕೈಗೆ ಯಾವಾಗ ಸಿಗುತ್ತದೆ?’ ಎಂದು ಕೇಳುತ್ತದೆ. ಆ ಸಾಲು ಬರೆದವಳು ಶೈಲಜಾ.

ಮುಂದಿನ ಸಲ ಭಾಗ್ಯಮ್ಮ ಪಾಸಾದರು. ಸನ್ಮಾನ ಮಾಡಬೇಕಿದ್ದದ್ದು ಆಗ. ಶಾಲು ಹಿಡಿದು ಅವರೆದುರು ನಿಲ್ಲುವ ಮುಖ ನನಗಿರಲಿಲ್ಲ.