ಜಲ್ಲಿ ಗುಂಡಿಯ ಒಂದೆಲಗ

ಬೂನ್ ಲೇಯಲ್ಲಿ ನಮ್ಮ ಬ್ಲಾಕಿನಿಂದ ಬಸ್ಸಿನಲ್ಲಿ ನಾಲ್ಕು ಸ್ಟಾಪ್ ಆಚೆ ಒಂದು ಹಳೆಯ ಜಲ್ಲಿ ಗುಂಡಿ ಇತ್ತು. ಜಲ್ಲಿ ತೆಗೆಯುವುದು ನಿಂತು ಎಷ್ಟೋ ವರ್ಷಗಳಾಗಿ, ಮಳೆನೀರು ತುಂಬಿಕೊಂಡು ಬೇಲಿಯೊಳಗೆ ಸುಮ್ಮನೆ ಬಿದ್ದಿತ್ತು. ಅದನ್ನು ಹಕ್ಕಿಗಳು ಬರುವಂಥ ಜೌಗುತಾಣ ಮಾಡಲು ಹೊರಟವರು ನಮ್ಮ ಕೆಳಗಿನ ಮನೆಯ ಚೀನೀ ಅಂಕಲ್. ಹರೆಯದಲ್ಲಿ ಅದೇ ಗುಂಡಿಯಿಂದ ಜಲ್ಲಿ ಲಾರಿ ಓಡಿಸಿದವರು. ತೆಗೆದದ್ದು ಸಾಕು, ಇನ್ನು ಸ್ವಲ್ಪ ವಾಪಸ್ ಇಡೋಣ ಎನ್ನುವುದು ಅವರ ಮಾತು. ನಾನು ಶನಿವಾರಗಳಲ್ಲಿ ಅವರ ವಾಲಂಟಿಯರ್. ಪರಿಸರ ಪ್ರೇಮ ಅಂತೇನೂ ಅಲ್ಲ. ಮೈಸೂರಿನಿಂದ ಅತ್ತೆ ವಿಸಿಟ್ ಪಾಸ್ ಮೇಲೆ ಈ ಪರದೇಶಕ್ಕೆ ಬಂದಿದ್ದರು. ಮನೆಯಲ್ಲಿದ್ದರೆ ಅವರ ಜೊತೆ ಅಡುಗೆಮನೆ ಹಂಚಿಕೊಳ್ಳಬೇಕಿತ್ತು.

ಅಧಿಕಾರಿಗಳು ಒಂದು ಷರತ್ತು ಹಾಕಿದ್ದರು. ಗುಂಡಿಯ ಒಂದು ಬದಿಗೆ ಮಣ್ಣು ಸುರಿದು ಇಳಿಜಾರು ದಂಡೆ ಮಾಡಿದ್ದೆವು. ಅವರು ನೋಡಲು ಬರುವಷ್ಟರಲ್ಲಿ ಗಿಡಗಳು ಬೇರುಬಿಟ್ಟು ಆ ಮಣ್ಣನ್ನು ಹಿಡಿದಿರಬೇಕು, ಇಲ್ಲದಿದ್ದರೆ ಸುತ್ತಲೂ ಕಾಂಕ್ರೀಟ್ ಗೋಡೆ. ಕಾಂಕ್ರೀಟ್ ಬಂದರೆ ಹಕ್ಕಿಯೂ ಇಲ್ಲ, ಕಪ್ಪೆಯೂ ಇಲ್ಲ. ಅಂಕಲ್ ಮೊಣಕಾಲೂರಿ, ನೆಲಕ್ಕೆ ಹಬ್ಬುವ ದುಂಡೆಲೆಯ ಬಳ್ಳಿಯನ್ನು ಗೇಣಿಗೊಂದರಂತೆ ನೆಟ್ಟರು. ನಾನೂ ನೆಟ್ಟೆ. ಅದರ ಲ್ಯಾಟಿನ್ ಹೆಸರನ್ನು ಅವರು ಮೂರು ಸಲ ಹೇಳಿಕೊಟ್ಟರು, ನಾನು ಮೂರು ಸಲವೂ ತಲೆಯಾಡಿಸಿದೆ.

ಒಂದು ಶನಿವಾರ ಅತ್ತೆಯವರಿಗೆ ಬೇಜಾರಾಗದಿರಲಿ ಎಂದು ಅವರನ್ನೂ ಕರೆದುಕೊಂಡು ಹೋದೆ. ನಾನು ಮಾಡಿದ ತಪ್ಪು ಇಷ್ಟೇ. ದಂಡೆಯ ಮೇಲೆ ನಿಂತು ಅವರು ಬಹಳ ಹೊತ್ತು ಕೆಳಗೆ ನೋಡಿದರು, ಏನೂ ಹೇಳಲಿಲ್ಲ. ಅತ್ತೆ ಏನೂ ಹೇಳದಿದ್ದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಮರುವಾರದಿಂದ ದಂಡೆಯ ಗಿಡ ಮಾಯವಾಗತೊಡಗಿತು. ಇವತ್ತು ಇಲ್ಲಿ ಒಂದು ಬೋಳು, ನಾಳೆ ಅಲ್ಲಿ ಒಂದು ಬೋಳು. ಅಂಕಲ್ ಬಸವನಹುಳು ಎಂದರು. ನಾನು ಕೋತಿ ಎಂದೆ. ಬರೀ ಎಂದದ್ದಲ್ಲ, ಬ್ಲಾಕಿನ ತಳದ ತೆರೆದ ಹಜಾರ, ವಾಯ್ಡ್ ಡೆಕ್‌ನಲ್ಲಿ ನಡೆದ ಮೀಟಿಂಗಿನಲ್ಲಿ ಎದ್ದುನಿಂತು, ಕೋತಿಗಳ ಮೇಲೆ ಕ್ರಮ ಕೈಗೊಳ್ಳದಿದ್ದರೆ ನಮ್ಮ ಶ್ರಮವೆಲ್ಲ ನೀರುಪಾಲು ಎಂದು ಭಾಷಣ ಬಿಗಿದೆ. ಅಧಿಕಾರಿಗಳು ಬರಲು ಒಂದೂವರೆ ತಿಂಗಳು ಉಳಿದಿತ್ತು. ಅಂಕಲ್ ಮುಖ ಇಳಿದುಹೋಗಿತ್ತು. ಅವರು ಒಂದು ಮರಕ್ಕೆ ಕ್ಯಾಮೆರಾ ಕಟ್ಟಿದರು. ಏನಾದರೂ ಅಲುಗಾಡಿದರೆ ತಾನೇ ವಿಡಿಯೋ ತೆಗೆಯುವಂಥದ್ದು.

ಮನೆಯಲ್ಲಿ ಆ ದಿನಗಳಲ್ಲಿ ಊಟ ಚೆನ್ನಾಗಿತ್ತು. ದಿನಬಿಟ್ಟು ದಿನ ತಂಬುಳಿ, ನಡುವೆ ಚಟ್ನಿ. ಆಫೀಸಿನಿಂದ ಸುಸ್ತಾಗಿ ಬಂದವಳು ತಟ್ಟೆಯಲ್ಲಿದ್ದುದನ್ನು ಪ್ರಶ್ನೆ ಮಾಡುವುದಿಲ್ಲ.

ಮುಂದಿನ ಮೀಟಿಂಗಿಗೆ ಅಂಕಲ್ ಲ್ಯಾಪ್‌ಟಾಪ್ ತಂದರು. ನಾನು ಮಗಳನ್ನೂ ಅತ್ತೆಯನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂರಿಸಿದ್ದೆ, ಕೋತಿ ನೋಡಲಿ ಎಂದು. ಪರದೆಯ ಮೇಲೆ ಮೊದಲು ಹುಲ್ಲು ಅಲುಗಾಡಿತು. ಆಮೇಲೆ ಹಸಿರು ಗಾಜಿನ ಬಳೆ ತೊಟ್ಟ ಕೈ ಬಂತು. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬೂನ್ ಲೇ ಮಾಲ್‌ನ ಚೀಲ, ಕೊನೆಗೆ ನಮ್ಮ ಅತ್ತೆ. ಕ್ಯಾಮೆರಾವನ್ನು ಒಮ್ಮೆ ಅನುಮಾನದಿಂದ ನೋಡಿ ಮತ್ತೆ ಬಗ್ಗಿದರು.

ಭೂಮಿ ಬಾಯಿಬಿಡಲಿ ಎಂದುಕೊಂಡೆ. ಯಾರೂ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು.

"ಅದು ಒಂದೆಲಗ ಕಣೇ," ಎಂದರು ಅತ್ತೆ, ಒಂದಿಷ್ಟೂ ಅಳುಕಿಲ್ಲದೆ. "ಕೆರೆ ಅಂಚಲ್ಲಿ ಬೆಳೆದಿದ್ದನ್ನ ಕುಯ್ಯೋದಕ್ಕೆ ಯಾರ್ನ ಕೇಳ್ಬೇಕು? ಮಗೂಗೆ ಪಿಎಸ್ಎಲ್ಇ ಅಂತೀರ, ಎಲ್ಲಾ ಮರ್ತ್ಹೋಗುತ್ತೆ ಅಂತೀರ. ಜ್ಞಾಪಕಶಕ್ತಿಗೆ ಇದಕ್ಕಿಂತ ಇನ್ನೇನ್ ಬೇಕು?"

ಆರನೇ ಕ್ಲಾಸಿನ ಆ ಪರೀಕ್ಷೆ ಬರೆಯಬೇಕಿದ್ದ ನನ್ನ ಮಗಳು ಅದನ್ನೆಲ್ಲ ಅಂಕಲ್‌ಗೆ ಇಂಗ್ಲಿಷಿನಲ್ಲಿ ಹೇಳಿ, ತಾನಾಗಿಯೇ "ಸಾರಿ ಲಾ, ಅಂಕಲ್" ಎಂದು ಸೇರಿಸಿದಳು. ಅವರು ಅತ್ತೆಯ ಕಡೆ ನೋಡಲೇ ಇಲ್ಲ. ದಂಡೆ ಹೋಯಿತು, ಇನ್ನು ಕಾಂಕ್ರೀಟ್ ಎಂದಷ್ಟೇ ಹೇಳಿ ಲ್ಯಾಪ್‌ಟಾಪ್ ಮುಚ್ಚಿದರು. ಚಾರ್ಜರಿನ ವೈರನ್ನು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

ಅತ್ತೆ ಅದನ್ನು ನೋಡಿದರು. ಕಾಂಕ್ರೀಟಿನ ಷರತ್ತನ್ನು ಅವರಿಗೆ ನಾನು ಹೇಳಿಯೇ ಇರಲಿಲ್ಲ, ಆಗ ಹೇಳಿದೆ. ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು, "ಬುಡ ಇದೆ, ನಾನು ಬೇರು ಕಿತ್ತಿಲ್ಲ. ಒಂದು ತಿಂಗಳು ದಂಡೇನ ನಂಗೆ ಬಿಡೋಕ್ಕೆ ಅವ್ರಿಗೆ ಹೇಳು," ಎಂದರು.

ಅಂಕಲ್‌ಗೆ ಬೇರೆ ದಾರಿ ಇರಲಿಲ್ಲ. ಮಾರನೆಯ ದಿನದಿಂದ ಅತ್ತೆ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟರು. ಬಳ್ಳಿಯನ್ನು ಗೆಣ್ಣಿಗೆ ಗೆಣ್ಣು ತುಂಡು ಮಾಡಿ ಕೆಸರಿಗೆ ಒತ್ತುವುದು, ಕಳೆ ತೆಗೆಯುವುದು, ಅಂಕಲ್ ನೆಟ್ಟದ್ದು ಆಳವಾಯಿತೆಂದು ಕಿತ್ತು ಮತ್ತೆ ನೆಡುವುದು. ಅತ್ತೆ ಕನ್ನಡದಲ್ಲಿ ಬೈಯುತ್ತಿದ್ದರು, ಅಂಕಲ್ ತಮ್ಮ ಮನೆಮಾತು ಹೊಕ್ಕಿಯನ್‌ನಲ್ಲಿ. ಇಬ್ಬರಿಗೂ ಎಲ್ಲವೂ ಅರ್ಥವಾಗುತ್ತಿತ್ತು. ಮನೆಯಲ್ಲಿ ತಂಬುಳಿ ನಿಂತು, ಮತ್ತೆ ನನ್ನ ಅಡುಗೆ ಶುರುವಾಯಿತು.

ಅಧಿಕಾರಿಗಳು ಬಂದ ದಿನ ದಂಡೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಅಷ್ಟು ದಟ್ಟವಾಗಿ ಹಬ್ಬಿತ್ತು. ಒಬ್ಬರು ಹಿಡಿ ತುಂಬ ಹಿಡಿದು ಎಳೆದು ನೋಡಿದರು, ಮಣ್ಣು ಬಿಡಲಿಲ್ಲ. ಗೋಡೆ ಬೇಡ ಎಂದು ಬರೆದುಕೊಂಡರು. ಅದರ ಮುಂದಿನ ವಾರವೇ ಬೋರ್ಡು ಬಂತು: ಇನ್ನು ಇದು ರಕ್ಷಿತ ತಾಣ, ಒಂದು ಎಲೆಯನ್ನೂ ಕೀಳುವಂತಿಲ್ಲ.

ಅತ್ತೆಯ ವಿಸಿಟ್ ಪಾಸ್ ಮುಗಿಯುತ್ತಿತ್ತು. ಹೊರಡುವ ಹಿಂದಿನ ದಿನ ಅಂಕಲ್‌ಗೆ ಹೇಳಿಬರಲು ಗುಂಡಿಗೆ ಹೋದೆವು. ನಾನು ಬೋರ್ಡನ್ನು ಓದಿ ಹೇಳಿದೆ. ಅತ್ತೆ ತಾವು ಬೆಳೆಸಿದ ಸೊಪ್ಪನ್ನು ನೋಡುತ್ತಾ ನಿಂತರು. ಮಗಳ ಪರೀಕ್ಷೆಗೆ ಇನ್ನೂ ಮೂರು ವಾರವಿತ್ತು, ಅದು ಅಂಕಲ್‌ಗೂ ಗೊತ್ತಿತ್ತು. ಅವರು ಆಚೆ ಈಚೆ ನೋಡಿ, ಆ ಕಡೆ ಯಾವುದೋ ಅಪರೂಪದ ಹಕ್ಕಿ ಇದೆ, ನೋಡಲು ಬಹಳ ಹೊತ್ತಾಗಬಹುದು ಎಂದು ಹೇಳಿ, ನಮಗೆ ಪೂರ್ತಿ ಬೆನ್ನು ತಿರುಗಿಸಿ ಬೈನಾಕ್ಯುಲರ್ ಎತ್ತಿದರು. ಆ ಕಡೆ ಇದ್ದದ್ದು ಬಸ್ ಸ್ಟಾಪ್.

ಅತ್ತೆ ಬಗ್ಗಿದರು. ನಾನು ಬೋರ್ಡಿನ ಕಡೆ ನೋಡಿದೆ. ದಾರಿಗೆ ಚಾಚಿದ್ದ ಒಂದು ಬಳ್ಳಿಯನ್ನು ಎತ್ತಿ, ಅದರ ಗೆಣ್ಣನ್ನು ಹೆಬ್ಬೆರಳಿನಿಂದ ಕೆಸರಿಗೆ ಒತ್ತಿ, ಬರಿಗೈಯಲ್ಲಿ ಎದ್ದು ನಿಂತರು.

"ಅವ್ರಿಗೆ ಈ ಕಡೆ ತಿರುಗೋಕ್ಕೆ ಹೇಳೇ," ಎಂದರು. "ಪಾಪ, ಕೈ ನೋಯುತ್ತೆ."