ಅಜ್ಜನ ‘ದೌ’, ಅವ್ವನ ‘ನೀ’

ಇಂಗ್ಲಿಷಿನ ‘ದೌ’ ಎಂಬ ಹಳೆಯ ಶಬ್ದ ನನಗೆ ಪುಸ್ತಕದಿಂದ ಬಂದದ್ದಲ್ಲ, ಅಜ್ಜನ ಬಾಯಿಂದ ಬಂದದ್ದು. ಅಜ್ಜ ಮಿಷನ್ ಸಾಲಿಯಲ್ಲಿ ನಾಲ್ಕಕ್ಷರ ಕಲಿತವನು. ಅಲ್ಲಿಯ ಪ್ರಾರ್ಥನೆಯಲ್ಲಿ ದೇವರಿಗೆ ‘ದೌ’ ಅನ್ನುವುದನ್ನು ಕೇಳಿ, ಇದಕ್ಕಿಂತ ದೊಡ್ಡ ಮರ್ಯಾದೆಯ ಮಾತು ಆ ಭಾಷೆಯಲ್ಲಿ ಇರಲಿಕ್ಕಿಲ್ಲ ಎಂದು ತಿಳಿದುಬಿಟ್ಟಿದ್ದ. ಗಜೇಂದ್ರಗಡಕ್ಕೆ ಯಾವ ಸಾಹೇಬರು ಬಂದರೂ ಕೈಮುಗಿದು, ಭಾಳ ಭಕ್ತಿಯಿಂದ ‘ದೌ’ ಅನ್ನುತ್ತಿದ್ದ. ಅದೇನೆಂದು ಸಾಹೇಬರಿಗೂ ತಿಳಿಯುತ್ತಿರಲಿಲ್ಲ.

ಮುಂದೆ ರೋಣದಲ್ಲಿ ಇಂಗ್ಲಿಷ್ ಕಲಿಸುವ ಟೀಚರ್ ಆದ ಮೇಲೆ ನನಗೆ ಖರೇ ಅರ್ಥ ಸಿಕ್ಕಿತು. ‘ದೌ’ ಅಂದರೆ ನಮ್ಮ ‘ನೀ’. ಮಕ್ಕಳಿಗೆ, ಆಳುಗಳಿಗೆ, ಸಲಿಗೆಯವರಿಗೆ ಅನ್ನುವಂಥದು. ದೊಡ್ಡವರಿಗೆ ‘ಯೂ’, ಅಂದರೆ ‘ನೀವು’. ದೇವರಿಗೆ ‘ದೌ’ ಅಂದದ್ದು ಸಲಿಗೆಯಿಂದ. ನಾವೂ ನಮ್ಮ ದೇವರನ್ನು ‘ನೀ’ ಅಂತೇವಲ್ಲ, ಹಾಗೆ. ಬರಬರುತ್ತ ಆ ಜನ ಎಲ್ಲರಿಗೂ ‘ಯೂ’ ಅನ್ನತೊಡಗಿ, ‘ದೌ’ ಹಳೆಯ ಪದ್ಯಗಳಲ್ಲಿ ಉಳಿಯಿತು.

ಒಂದು ರವಿವಾರ ಊರಿಗೆ ಹೋದಾಗ ಇದನ್ನೆಲ್ಲ ಅವ್ವನಿಗೆ ಹೇಳಿದೆ. ಅವ್ವ ಮಗ್ಗದಲ್ಲಿ ಕೂತಿದ್ದಳು. ಆಳಿಗೂ ಸಾವ್ಕಾರನಿಗೂ ಒಂದೇ ಮಾತೇನು ಎಂದು ಕೇಳಿದಳು. ಹೌದು ಅಂದೆ. ಮತ್ತೆ ಲಾಳಿ ಓಡಿಸಿದಳು.

ಆ ‘ದೌ’ ಸತ್ತಿದೆ ಎಂದು ಅರ್ಥಕೋಶದವರು ಬೇಕಾದರೆ ಬರೆದುಕೊಳ್ಳಲಿ, ನಾನು ಒಪ್ಪುವುದಿಲ್ಲ. ಅದು ಮೋಟರ್‌ಸೈಕಲ್ ಏರಿ ನಮ್ಮ ಮನೆ ಬಾಗಿಲಿಗೇ ಬರುತ್ತಿತ್ತು. ಅವ್ವನಿಗೆ ನೂಲು ಕೊಟ್ಟು ಸೀರೆ ಒಯ್ಯುವ ಹಳೆಯ ಸಾವ್ಕಾರರು ಅವಳನ್ನು ‘ಅಕ್ಕಾರ’ ಅನ್ನುತ್ತಿದ್ದರು. ಈಗ ವ್ಯಾಪಾರ ನೋಡುವವನು ಅವರ ಮಗ, ನನಗಿಂತ ಸಣ್ಣವನು. ಅವನಿಗೆ ಅವ್ವ ‘ಬರ್ರಿ, ಕುಂದರ್ರಿ’ ಅನ್ನಬೇಕು, ಅವನು ಹೊಸ್ತಿಲಲ್ಲೇ ನಿಂತು ‘ಏ’ ಅನ್ನಬೇಕು.

ಮುಂದಿನ ರವಿವಾರ ನಾನಿದ್ದಾಗಲೇ ಬಂದ.

“ಏ, ಸೀರಿ ಮುಗಿಸಿದೇನ?”

“ಇನ್ನೂ ಗೇಣು ಉಳದೈತಿ. ನೀ ಸಂಜಿಗೆ ಬಾರಪ್ಪ.”

ಅವನ ಮುಖ ಬದಲಾಯಿತು. ಯಾರಿಗೆ ‘ನೀ’ ಅಂತಿ, ಖಬರು ಐತೇನು ಎಂದ.

“ನಿನಗ ಅಂದೆ. ರೀ ಅಂದ್ರ ಇಬ್ರೂ ರೀ ಅನ್ನೂಣು, ನೀ ಅಂದ್ರ ಇಬ್ರೂ ನೀ ಅನ್ನೂಣು. ನನಗ ಎರಡೂ ಬರ್ತಾವ. ನೀನ ಆರಿಸು.”

ಅವನು ನನ್ನ ಕಡೆ ತಿರುಗಿದ. “ಇದನ್ನ ನೀವು ಕಲಿಸಿದ್ದೇನ್ರಿ, ಟೀಚರ?”

“ನೋಡವ್ವಾ, ನನಗ ರೀ ಬಂತು,” ಅಂದೆ. “ನಾಲಿಗಿಗೆ ಏನೂ ಆಗಿಲ್ಲ ಇವರಿಗೆ.”

ಸಂಜೆ ಅವನ ಬದಲು ಅವನ ಆಳು ಬಂದು ಸೀರೆ ಒಯ್ದ. ಮತ್ತೆ ನೂಲು ಬರಲಿಲ್ಲ. ಹಾಸಿನ ನೂಲು ಇಲ್ಲದ ಮಗ್ಗ ಎಲುಬಿನ ಗೂಡಿನ ಹಾಗೆ ನಿಂತಿತು. ಸಾವ್ಕಾರರ ಮಗನ ಹತ್ತಿರ ಹೋಗಿ ತಪ್ಪಾಯಿತು ಅಂದುಬಿಡು ಎಂದು ಓಣಿಯ ಹೆಂಗಸರು ಅವ್ವನಿಗೆ ಹೇಳಿದರು. ಒಂದು ಮಾತಿಗೆ ಅನ್ನ ಕಳಕೊಂಡಿ ಎಂದೂ ಅಂದರು. ನನ್ನ ಪಗಾರ ಇದೆಯಲ್ಲ, ಮಗ್ಗ ಬಿಟ್ಟು ರೋಣಕ್ಕೆ ಬಂದುಬಿಡು ಎಂದೆ ನಾನು, ರಜೆಗೆ ಊರಿಗೆ ಬಂದಾಗ. ಅವ್ವನಿಗೆ ಸಿಟ್ಟು ಬಂದದ್ದು ನನ್ನ ಮೇಲೆಯೇ.

“ಮಗ್ಗ ಬಿಡಾಕಂತ ಅಂವಗ ನೀ ಅಂದೆನೇನ ನಾ? ಇಲ್ಲೇ ಕುಂತು ನೇಯಾಕ ಅಂದೀನಿ.”

ಮರುದಿನ ನನ್ನನ್ನೂ ಎಳೆದುಕೊಂಡು ಊರಿನ ಆ ಕಡೆ ಓಣಿಯ ಇನ್ನೊಬ್ಬ ವ್ಯಾಪಾರಿಯ ಮನೆಗೆ ಹೋದಳು. ಅಲ್ಲಿ ಮಜೂರಿ ತುಸು ಕಡಿಮೆ ಎಂದು ಎಲ್ಲರಿಗೂ ಗೊತ್ತಿತ್ತು, ಅವಳಿಗೂ. ಆತ ನೂಲಿನ ಮಾತು ತೆಗೆದ. ಅವ್ವ ತಡೆದಳು.

“ಅದು ಆಮ್ಯಾಲ. ಮೊದಲ ಹೇಳ್ರಿ, ನನ್ನ ಏನಂತ ಮಾತಾಡಸ್ತೀರಿ?”

ಇಂಥ ಕರಾರು ಆತ ಎಂದೂ ಕೇಳಿರಲಿಲ್ಲ. ಕಣ್ಣು ಪಿಳುಕಿಸಿದ.

“ಏನಂತ ಮಾತಾಡಸ್ಬೇಕ್ರಿ, ಅಕ್ಕಾರ?”

ಅವ್ವ ನೂಲು ಕಟ್ಟಿಕೊಂಡು ಹೋಗಲು ತಂದಿದ್ದ ಬಟ್ಟೆ ನೆಲಕ್ಕೆ ಹಾಸಿ, ನೂಲು ತರಿಸಲು ಹೇಳಿದಳು.