ಎಡಗಡೆ ಇಲ್ಲದ ರಕ್ತನಾಳ

ಹುನಗುಂದದ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ಮನೆ ಇಳಕಲ್ಲಿನಲ್ಲಿ, ದಿನವೂ ಬಸ್ಸಿನಲ್ಲಿ ಓಡಾಟ. ಮೂರು ವರ್ಷದ ಹಿಂದೆ, ನನಗೆ ನಲವತ್ತೆರಡು ತುಂಬಿದಾಗ, ಎರಡು ತಿಂಗಳು ಬಿಡದೆ ತಲೆನೋವು ಕಾಡಿತು. ಗುಳಿಗೆ ನುಂಗಿ ಪಾಠ ಮಾಡುತ್ತಿದ್ದೆ. ಒಂದು ದಿನ ನಾನೇ ಹಲಗೆಯ ಮೇಲೆ ಬರೆದ ಲೆಕ್ಕ ನನಗೇ ಮಸುಕಾಗಿ ಕಂಡಿತು. ಹೆದರಿ, ಗಂಡನ ಜೊತೆ ಬಾಗಲಕೋಟೆಗೆ ಹೋಗಿ ತಲೆಯ ಸ್ಕ್ಯಾನ್ ಮಾಡಿಸಿದೆ.

ಡಾಕ್ಟರು ಬಹಳ ಹೊತ್ತು ನೋಡಿ, ಇನ್ನೊಂದು ಸ್ಕ್ಯಾನ್ ಬೇಕೆಂದರು. ಮತ್ತೆ ಒಂದು ವಾರ ಕಾದೆವು. ಕುತ್ತಿಗೆಯಿಂದ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ ಎಡಕ್ಕೊಂದು, ಬಲಕ್ಕೊಂದು ಇರುತ್ತದೆ. ನನಗೆ ಎಡಗಡೆಯದು ಇಲ್ಲ ಎಂದರು.

"ಬ್ಲಾಕ್ ಆಗೇತೇನ್ರಿ?" ನನ್ನ ಗಂಡ ಕೇಳಿದರು.

"ಬ್ಲಾಕ್ ಅಲ್ರಿ. ಹುಟ್ಟಿದಾಗಿಂದನ ಇಲ್ಲ. ತಲಿಬುರುಡಿಯೊಳಗ ಅದು ಹಾಯ್ದು ಹೋಗೋ ದಾರಿನ ಆಗಿಲ್ಲ ನೋಡ್ರಿ."

ಉಳಿದ ನಾಳಗಳೇ ಆ ಬದಿಗೂ ರಕ್ತ ಕಳಿಸುತ್ತಿವೆಯಂತೆ. ತಲೆನೋವಿಗೂ ಇದಕ್ಕೂ ಸಂಬಂಧ ಇದ್ದಂತಿಲ್ಲ, ಮೊದಲು ಕಣ್ಣು ತೋರಿಸಿ ಎಂದರು. ಔಷಧ ಇಲ್ಲ, ಆಪರೇಶನ್ನೂ ಬೇಡ. ಆದರೆ ಹೆಚ್ಚಿನ ಭಾರ ಹೊತ್ತ ನಾಳ ಎಲ್ಲಾದರೂ ಉಬ್ಬಿದರೆ ಅಪಾಯ. ಬಿಪಿ ಏರಬಾರದು, ವರ್ಷಕ್ಕೊಮ್ಮೆ ಬಂದು ತೋರಿಸಬೇಕು. ಹಾಗಾದರೆ ನಾನು ರೋಗಿಯೋ ಅಲ್ಲವೋ ಎಂದು ಕೇಳಿದೆ. ಅವರು ನಕ್ಕರು. ಅದರಿಂದ ನನಗೆ ಏನೂ ತಿಳಿಯಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಕುತ್ತಿಗೆಯ ಎಡಬದಿಗೆ ಬೆರಳಿಟ್ಟೆ. ನಾಡಿ ಬಡಿಯುತ್ತಿತ್ತು. ಗಂಡನೂ ಮುಟ್ಟಿ ನೋಡಿ, ರಿಪೋರ್ಟು ಬೇರೆ ಯಾರದೋ ಇರಬೇಕೆಂದರು. ಮರುದಿನ ಡಾಕ್ಟರಿಗೆ ಫೋನು ಮಾಡಿದೆ. ಅದು ಮುಖದ ಕಡೆಗೆ ಹೋಗುವ ನಾಳ, ಅದು ನಿಮಗೆ ಇದೆ ಎಂದರು. ಇರುವುದು ಯಾವುದು, ಇಲ್ಲದ್ದು ಯಾವುದು ಎಂದು ಎಷ್ಟೋ ದಿನ ಕನ್ನಡಿಯ ಮುಂದೆ ನಿಂತು ಕುತ್ತಿಗೆ ಒತ್ತಿಕೊಂಡಿದ್ದೇನೆ. ಕನ್ನಡಕ ಬಂದ ಮೇಲೆ ತಲೆನೋವೇನೋ ಹೋಯಿತು. ಗೊಂದಲ ಮಾತ್ರ ಹೆಚ್ಚಾಯಿತು: ನೋವಿದ್ದದ್ದು ವಾಸಿಯಾಗಿತ್ತು, ಎಂದೂ ನೋಯದ್ದು ಉಳಿದಿತ್ತು.

ದಸರೆ ರಜೆಯಲ್ಲಿ ತವರಿಗೆ, ಕೆರೂರಿಗೆ ಹೋದಾಗ ಅವ್ವನಿಗೆ ಹೇಳಿದೆ. ಹುಟ್ಟಿನಿಂದಲೇ ಇಲ್ಲ ಎಂಬ ಮಾತನ್ನು ಅವಳು ಎರಡು ಸಲ ಹೇಳಿಸಿ ಕೇಳಿದಳು. ಮಧ್ಯಾಹ್ನ ಇಬ್ಬರೇ ಕೂತು ಶೇಂಗಾ ಸುಲಿಯುವಾಗ, ನನ್ನ ಮುಖ ನೋಡದೆ ಹೇಳಿದಳು:

"ನೀ ಹೊಟ್ಟ್ಯಾಗಿದ್ದಾಗ ಮಹಾಕೂಟದ ಹೊಂಡದ ಪಾವಟಿಗಿ ಮ್ಯಾಲೆ ಜಾರಿ ಬಿದ್ದಿದ್ನೆವ್ವಾ. ಯಾರಿಗೂ ಹೇಳಿದ್ದಿಲ್ಲ."

ಬಸುರಿ ಆ ಗುಡಿಗೆ ಹೋಗಬೇಡ ಎಂದು ಅವಳ ಅತ್ತೆ ತಡೆದಿದ್ದರಂತೆ. ಮಾತು ಮೀರಿ ಹೋದವಳು ಒದ್ದೆ ಸೀರೆಯಲ್ಲೇ ಎದ್ದು, ಏನೂ ಆಗದವಳಂತೆ ಮನೆಗೆ ಬಂದಿದ್ದಳು. ಎಷ್ಟನೇ ತಿಂಗಳು ಎಂದು ಕೇಳಿದೆ. ಐದಿರಬೇಕು ಎಂದಳು; ತುಸು ಹೊತ್ತಿಗೆ, ಮೂರೂ ಇರಬಹುದು ಎಂದಳು.

ನಾನು ಅಲ್ಲಿಂದಲೇ ಮತ್ತೆ ಡಾಕ್ಟರಿಗೆ ಫೋನು ಮಾಡಿ ಕೇಳಿದೆ. ಈ ನಾಳಗಳು ಮೊದಲ ತಿಂಗಳ ಹೊತ್ತಿಗೇ ಮೂಡುತ್ತವೆ, ಬಿದ್ದದ್ದರಿಂದ ಹೀಗಾಗುವುದಿಲ್ಲ, ಯಾಕಾಗುತ್ತದೆ ಎಂದು ಖಚಿತವಾಗಿ ಯಾರಿಗೂ ಗೊತ್ತಿಲ್ಲ ಎಂದರು. ಅದನ್ನೇ ಅವ್ವನಿಗೆ ಹೇಳಿದೆ.

"ಯಾಕಂತ ಗೊತ್ತಿಲ್ಲಂದ್ರ, ನಾ ಬಿದ್ದದ್ದಕ್ಕ ಅಲ್ಲಂತ ಹೆಂಗ ಗೊತ್ತಾತು ಅವರಿಗೆ?"

ಇಪ್ಪತ್ತು ವರ್ಷ ಗಣಿತ ಕಲಿಸಿದವಳು ನಾನು. ಆದರೂ ನಿನ್ನ ತಪ್ಪಿಲ್ಲವ್ವಾ ಎಂದಷ್ಟೇ ಹೇಳಿದೆ. ಅವಳು ಸಿಪ್ಪೆ ಬಳಿದುಕೊಂಡು ಎದ್ದು ಹೋದಳು.

ಅಂದಿನಿಂದ ಮೂರು ಸಲ ತೋರಿಸಿಕೊಂಡು ಬಂದೆ, ನಾಳ ಎಲ್ಲೂ ಉಬ್ಬಿಲ್ಲ. ಮೂರನೆಯ ಸಲ ಅವ್ವ ಹಟ ಹಿಡಿದು ಬಾಗಲಕೋಟೆಗೆ ಬಂದಳು. ಮಹಾಕೂಟದ ಸಂಗತಿಯನ್ನು ತಾನೇ ಡಾಕ್ಟರಿಗೆ ಹೇಳಿದಳು. ಅವರು ಕುರ್ಚಿ ಹತ್ತಿರ ಎಳೆದುಕೊಂಡು ನಿಧಾನವಾಗಿ ತಿಳಿಸಿದರು. ಅವಳು ಪ್ರತಿ ಮಾತಿಗೂ ತಲೆಯಾಡಿಸಿದಳು.

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ, "ಭಾಳ ಛಲೋ ಮನಶ್ಯಾ ಅದಾನ. ಆದ್ರ ಅವಂಗೂ ಪೂರಾ ತಿಳದಿಲ್ಲ," ಎಂದಳು.

ಅದೂ ಖರೆಯೇ ಆಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಚಹಾ ಕುಡಿದೆವು. ಅವಳನ್ನು ಕೆರೂರಿನ ಬಸ್ಸಿಗೆ ಹತ್ತಿಸಿ ನಾನು ಇಳಕಲ್ಲಿನ ಬಸ್ಸು ಹಿಡಿದೆ.